ಹುಡುಕಬೇಡಿ, ಬರೆದಿಟ್ಟುಕೊಳ್ಳಿ

"ದಿನನಿತ್ಯಕ್ಕೆ ಬೇಕಾಗುವ 50 ಉಚಿತ ಜಾಲತಾಣಗಳು" ಅನ್ನುವ ಪಟ್ಟಿ ನಿಮಗೂ ಬಂದಿರಬೇಕು. ಮೊದಲು ಈಮೇಲಿನಲ್ಲಿ ಬರುತ್ತಿತ್ತು, ಆಮೇಲೆ ಫೇಸ್‌ಬುಕ್ಕಿನಲ್ಲಿ, ಈಗ ವಾಟ್ಸಾಪಿನಲ್ಲಿ. "ತುಂಬಾ ಉಪಯುಕ್ತ ಮಾಹಿತಿ, ಧನ್ಯವಾದಗಳು" ಅಂತ ಬರೆದು ಇನ್ನಿಬ್ಬರಿಗೆ ಕಳಿಸುತ್ತೇವೆ. ಆ 50ರಲ್ಲಿ ಐದನ್ನಾದರೂ ತೆರೆದು ನೋಡಿದವರು ಇದ್ದರೆ ಕೈ ಎತ್ತಿ :-)

ಪಟ್ಟಿಗಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಮ್ಮ ಹುಬ್ಬಳ್ಳಿ-ಧಾರವಾಡದ ಮಂದಿಗೆ ಉಚಿತ ತಾಣಗಳ ಕೊರತೆ ಇಲ್ಲ. ಅಲ್ಲಿಗೆ ಹೋಗುವ ದಾರಿ ಗೊತ್ತಿಲ್ಲ, ಅಷ್ಟೇ. ತಾಣ ಪುಕ್ಕಟೆ, ದಾರಿಯಲ್ಲಿ ಕೈ ಚಾಚಿ ನಿಂತವನಿಗೆ ಮಾತ್ರ ರೊಕ್ಕ. ಕೆಲವು ಸಲ ಅದು ಐವತ್ತು ರೂಪಾಯಿ. ಕೆಲವು ಸಲ ಬ್ಯಾಂಕ್ ಖಾತೆಯಲ್ಲಿದ್ದ ಅಷ್ಟೂ.

ಹಿಂದೆ ಮನೆಗಳಲ್ಲಿ ಲ್ಯಾಂಡ್‌ಲೈನ್ ಫೋನಿನ ಪಕ್ಕ ಒಂದು ಸಣ್ಣ ಡೈರಿಗೆ ದಾರ ಕಟ್ಟಿ ತೂಗುಹಾಕಿರುತ್ತಿದ್ದರು, ನೆನಪಿದೆಯಾ? ಡಾಕ್ಟರು, ಗ್ಯಾಸ್ ಏಜೆನ್ಸಿ, ಕಿರಾಣಿ ಅಂಗಡಿ, ಲೈನ್‌ಮನ್, ಎಲ್ಲರ ನಂಬರೂ ಅದರಲ್ಲಿ. ಗ್ಯಾಸ್ ಮುಗಿದರೆ ಯಾರೂ ಓಣಿಯ ನಡುವೆ ನಿಂತು "ಗ್ಯಾಸಿನವರ ನಂಬರ್ ಯಾರಿಗರೆ ಗೊತ್ತದ ಏನ್ರೀ?" ಅಂತ ಕೂಗುತ್ತಿರಲಿಲ್ಲ. ಈಗ ನಾವು ದಿನಾ ಮಾಡುವುದು ಅದನ್ನೇ. ಸರ್ಚ್ ಮಾಡುವುದೆಂದರೆ ಬೀದಿಯಲ್ಲಿ ನಿಂತು ಕೂಗುವುದು. ಮೊದಲು ಓಡಿ ಬರುವವನು ಗ್ಯಾಸಿನವನೇ ಆಗಿರಬೇಕು ಅಂತೇನಿಲ್ಲ.

ಇಷ್ಟೇ ನಾನು ಹೇಳಬೇಕಾದದ್ದು. ದುಡ್ಡಿನ ಮತ್ತು ದಾಖಲೆಯ ಕೆಲಸಕ್ಕೆ ಹುಡುಕಬೇಡಿ, ಸರಿಯಾದ ವಿಳಾಸವನ್ನು ಒಂದು ಸಲ ಬರೆದಿಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಬರೆದಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಚಹಾ ಇಟ್ಟುಕೊಂಡು ಓದಿ.

ಊರಲ್ಲೇ ಇರುವ ಕಚೇರಿಗಳು

ನಮ್ಮ ಊರಿನದು ಒಂದು ವಿಶೇಷ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ 1997ರಲ್ಲಿ ಹುಟ್ಟಿತು, ಅದರ ಕೇಂದ್ರ ಕಚೇರಿ ಗೋಕುಲ ರಸ್ತೆಯಲ್ಲಿ. 2002ರಲ್ಲಿ ಹುಟ್ಟಿದ ಹೆಸ್ಕಾಂನ ಕೇಂದ್ರ ಕಚೇರಿ ನವನಗರದಲ್ಲಿ. 2003ರಲ್ಲಿ ಬಂದ ನೈಋತ್ಯ ರೈಲ್ವೆ ವಲಯದ ಕೇಂದ್ರ ಕಚೇರಿಯೂ ಹುಬ್ಬಳ್ಳಿಯೇ. ಅರ್ಧ ಉತ್ತರ ಕರ್ನಾಟಕದ ಬಸ್ಸು, ಕರೆಂಟು, ರೈಲು ಎಲ್ಲದರ ದೊಡ್ಡ ಸಾಹೇಬರು ಕೂರುವ ಊರಿದು. ಆದರೂ ನಮ್ಮ ಓಣಿಯ ಕಾಕಾ ಒಬ್ಬರು ಕರೆಂಟ್ ಬಿಲ್ ಕಟ್ಟುವುದಕ್ಕೆ ಒಂದು ಅಂಗಡಿಗೆ ಹೋಗಿ ಪ್ರತಿ ತಿಂಗಳೂ ಬಿಲ್ಲಿನ ಮೇಲೆ ಇಪ್ಪತ್ತು ರೂಪಾಯಿ ಕೊಟ್ಟು ಬರುತ್ತಾರೆ. ವರ್ಷಕ್ಕೆ 240 ರೂಪಾಯಿ. "ಆನ್‌ಲೈನ್ ಅಂದ್ರ ಚಾರ್ಜ್ ಇರ್ತದಪಾ" ಅನ್ನುವುದು ಅವರ ನಂಬಿಕೆ. ಮೊಬೈಲು ಅವರ ಕಿಸೆಯಲ್ಲೇ ಇದೆ, ಮೊಮ್ಮಗಳ ವಿಡಿಯೋ ನೋಡುವುದಕ್ಕೆ.

ಹೆಸ್ಕಾಂ ಬಿಲ್ಲಿನ ಮೇಲೇ ಖಾತೆ ಸಂಖ್ಯೆ ಅಚ್ಚಾಗಿರುತ್ತದೆ. ಅದೊಂದಿದ್ದರೆ ಹೆಸ್ಕಾಂ ತಾಣದಲ್ಲೋ ನೀವು ದಿನಾ ಬಳಸುವ ಯುಪಿಐ ಆಪಿನಲ್ಲೋ ಬಿಲ್ಲು ತಾನಾಗಿ ತೆರೆದುಕೊಳ್ಳುತ್ತದೆ. ಪರದೆಯ ಮೇಲೆ ಬರುವ ಹೆಸರು ನಿಮ್ಮ ಮನೆಯದೇ ಹೌದಾ ಅಂತ ನೋಡಿ ಕಟ್ಟಿದರೆ ಮುಗಿಯಿತು. ಕರೆಂಟು ಹೋದರೆ 1912. ಈ ನಾಲ್ಕು ಅಂಕಿಗೆ ಯಾವ ಸರ್ಚೂ ಬೇಡ.

ಮನೆಯ ಕರ ಪಾಲಿಕೆಯ ತಾಣದಲ್ಲೇ ಕಟ್ಟಬಹುದು. ಹಣಕಾಸು ವರ್ಷದ ಮೊದಲ ತಿಂಗಳಾದ ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇಕಡಾ 5 ರಿಯಾಯಿತಿ ಇದೆ. ಹತ್ತು ಸಾವಿರ ಕರ ಇದ್ದವರಿಗೆ 500 ರೂಪಾಯಿ ಉಳಿತಾಯ. ಶಾಪಿಂಗ್ ತಾಣಗಳ "ಮೆಗಾ ಸೇಲ್" ಅನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ನಾವು ಇದನ್ನೂ ಗುರುತು ಹಾಕಿಕೊಳ್ಳಬಹುದಲ್ಲ.

ದೂರದ ಬಸ್ಸಿಗೆ ಮುಂಗಡ ಸೀಟು ಸಾರಿಗೆ ಸಂಸ್ಥೆಯ ತಾಣದಲ್ಲೇ ಸಿಗುತ್ತದೆ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಊರಿಗೆ ಬರುವ ಮಕ್ಕಳಿಗಾಗಿ ನಾಲ್ಕು ತಿಂಗಳ ಮೊದಲೇ ಟಿಕೆಟ್ ನೋಡುತ್ತಿದ್ದವರು ಲೆಕ್ಕ ಬದಲಿಸಿಕೊಳ್ಳಬೇಕು. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್ ಟಿಕೆಟ್ ತೆಗೆಯಲು ಖಾತೆಗೆ ಆಧಾರ್ ದೃಢೀಕರಣ ಆಗಿರಬೇಕು. ಅಂದರೆ ಮನೆಯಲ್ಲಿ ಒಬ್ಬರದಾದರೂ ಸ್ವಂತ ಐಆರ್‌ಸಿಟಿಸಿ ಖಾತೆ ತಯಾರಿರಲಿ, ಅವಸರ ಬಂದ ದಿನ ಅದನ್ನು ಮಾಡುತ್ತಾ ಕೂರುವುದು ಆಗದ ಮಾತು. ಇನ್ನೊಂದು ಮಾತು. ತನ್ನ ಸ್ವಂತ ಬಳಕೆಯ ಐಡಿಯಿಂದ ಟಿಕೆಟ್ ತೆಗೆದು ಲಾಭಕ್ಕೆ ಮಾರುವುದು ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಟಿಕೆಟ್ ರದ್ದಾದರೆ ಪ್ಲಾಟ್‌ಫಾರಂ ಮೇಲೆ ನಿಲ್ಲುವವರು ನೀವು, ಮಾರಿದವನಲ್ಲ.

ದಾಖಲೆಗಳ ವಿಷಯದಲ್ಲೂ ಹೀಗೆಯೇ. ಇ-ಆಧಾರ್ ಇಳಿಸಿಕೊಳ್ಳುವುದು ಉಚಿತ. ಆಧಾರ್ ಇದ್ದು ಅದಕ್ಕೆ ಮೊಬೈಲ್ ಜೋಡಿಸಿದ್ದರೆ, ಹೊಸದಾಗಿ ಪ್ಯಾನ್ ಬೇಕಾದವರಿಗೆ ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ಇ-ಪ್ಯಾನ್ ಉಚಿತ. 2015ರಲ್ಲಿ ಬಂದ ಡಿಜಿಲಾಕರಿನಲ್ಲಿ ಬರುವ ಡ್ರೈವಿಂಗ್ ಲೈಸೆನ್ಸು, ಆರ್‌ಸಿ ಕಾನೂನಿನ ಪ್ರಕಾರ ಮೂಲ ದಾಖಲೆಗೆ ಸಮ. ಕಲರ್ ಪ್ರಿಂಟು, ಲ್ಯಾಮಿನೇಶನ್ನು ಅಂತ ನೂರು ರೂಪಾಯಿ ಕೊಡುವ ಅಗತ್ಯ ಇಲ್ಲ.

ಕೂಗಿದರೆ ಯಾರು ಬರುತ್ತಾರೆ

ಈಗ ಇದೇ ಕೆಲಸಗಳನ್ನು ಹುಡುಕಿ ಮಾಡಿದರೆ ಏನಾಗುತ್ತದೆ ನೋಡಿ.

ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ದೊಡ್ಡವರಿಗೆ 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1500 ರೂಪಾಯಿ. ಅರ್ಜಿ ತುಂಬುವುದಕ್ಕೆ ಬೇರೆ ಹಣ ಇಲ್ಲ. ಆದರೆ ಪಾಸ್‌ಪೋರ್ಟ್ ಹೆಸರಿಟ್ಟುಕೊಂಡ ನಕಲಿ ತಾಣಗಳು ಎಷ್ಟು ಬಂದವೆಂದರೆ, ಸರ್ಕಾರದ ಪಾಸ್‌ಪೋರ್ಟ್ ತಾಣವೇ ಅವುಗಳ ಹೆಸರು ಹಾಕಿ ಎಚ್ಚರಿಕೆ ಕೊಡಬೇಕಾಯಿತು. ನೋಡುವುದಕ್ಕೆ ಅಸಲಿಯ ಹಾಗೆಯೇ ಇರುತ್ತವೆ. ಅಶೋಕ ಚಕ್ರ ಇರುತ್ತದೆ, ತ್ರಿವರ್ಣ ಇರುತ್ತದೆ. ಇರದೇ ಇರುವುದು ಒಂದೇ: ವಿಳಾಸದ ಕೊನೆಯಲ್ಲಿ "ಗವ್ ಡಾಟ್ ಇನ್". ಈ ಬಾಲವನ್ನು ಸರ್ಕಾರಿ ಸಂಸ್ಥೆಗಳಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ತ್ರಿವರ್ಣ ಯಾರು ಬೇಕಾದರೂ ಬಳಿದುಕೊಳ್ಳಬಹುದು, ಈ ಬಾಲ ಅಂಟಿಸಿಕೊಳ್ಳಲು ಆಗುವುದಿಲ್ಲ. ಆದರೆ ನೋಡುವಾಗ ಸರಿಯಾಗಿ ನೋಡಬೇಕು. ವಿಳಾಸದ ನಡುವೆ ಎಲ್ಲೋ "ಗವ್" ಇದ್ದರೆ ಲೆಕ್ಕಕ್ಕಿಲ್ಲ, ಮೊದಲ ಓರೆಗೆರೆಯ ಹಿಂದೆ, ಹೆಸರಿನ ಕೊನೆಯಲ್ಲಿ ಇರಬೇಕು.

ಎಲ್ಲಾ ಅಸಲಿ ತಾಣಕ್ಕೂ ಈ ಬಾಲ ಇರುವುದಿಲ್ಲ ಅನ್ನುವುದೂ ನಿಜ. ರೈಲ್ವೆಯ ಐಆರ್‌ಸಿಟಿಸಿಯ ಕೊನೆ "ಕೋ ಡಾಟ್ ಇನ್". ಬ್ಯಾಂಕುಗಳದೂ ಬೇರೆ. ಅದಕ್ಕೇ ನಾನು "ಗುರುತು ಹಿಡಿಯುವುದು ಕಲಿಯಿರಿ" ಅನ್ನುವುದಕ್ಕಿಂತ "ಬರೆದಿಟ್ಟುಕೊಳ್ಳಿ" ಅನ್ನುತ್ತಿರುವುದು. ಗುರುತು ಹಿಡಿಯುವ ಕೆಲಸ ಪ್ರತಿ ಸಲ ಮಾಡಬೇಕು, ಒಂದು ಸಲ ಕಣ್ಣು ತಪ್ಪಿದರೆ ಸಾಕು. ಬರೆದಿಡುವ ಕೆಲಸ ಒಂದೇ ಸಲ.

ಎಲ್ಲಕ್ಕಿಂತ ಅಪಾಯ "ಕಸ್ಟಮರ್ ಕೇರ್ ನಂಬರ್" ಅಂತ ಹುಡುಕುವುದು. ಸಾಮಾನು ಬಂದಿಲ್ಲ, ರಿಫಂಡ್ ಆಗಿಲ್ಲ, ರೀಚಾರ್ಜ್ ಹೋಗಿದೆ ಅಂತ ತಲೆ ಬಿಸಿಯಾದಾಗಲೇ ನಾವು ಹುಡುಕುವುದು. ಆಗಲೇ ಸಿಗುವುದು ವಂಚಕರು ಹಾಕಿಟ್ಟ ನಂಬರು. ಬಹಳ ಮರ್ಯಾದೆಯಿಂದ ಮಾತಾಡುತ್ತಾನೆ. "ಒಂದು ಆಪ್ ಹಾಕಿಕೊಳ್ಳಿ ಸರ್, ನಾನೇ ಇಲ್ಲಿಂದ ರಿಫಂಡ್ ಮಾಡ್ತೀನಿ" ಅನ್ನುತ್ತಾನೆ. ಆ ಆಪಿನಿಂದ ನಿಮ್ಮ ಪರದೆ ಅವನಿಗೂ ಕಾಣುತ್ತದೆ, ಆಮೇಲೆ ಹೇಳುವುದೇನಿದೆ. ಇಲ್ಲವೇ ರೊಕ್ಕ ಬರಬೇಕಾದರೆ ಪಿನ್ ಒತ್ತಿ ಅನ್ನುತ್ತಾನೆ. ಯುಪಿಐ ಪಿನ್ ಒತ್ತುವುದು ರೊಕ್ಕ ಕೊಡುವುದಕ್ಕೆ ಅಥವಾ ಬ್ಯಾಲೆನ್ಸ್ ನೋಡುವುದಕ್ಕೆ. ರೊಕ್ಕ ಬರುವುದಕ್ಕೆ ಪಿನ್ ಯಾವತ್ತೂ ಬೇಡ. ಇದನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದರೂ ತಪ್ಪಿಲ್ಲ.

ನಾವು ಕೂಗದಿದ್ದರೂ ಬರುವವರಿದ್ದಾರೆ. "ಇಂದು ರಾತ್ರಿ 9.30ಕ್ಕೆ ನಿಮ್ಮ ವಿದ್ಯುತ್ ಸಂಪರ್ಕ ಕಡಿತಗೊಳಿಸಲಾಗುವುದು, ಈ ಅಧಿಕಾರಿಗೆ ಕರೆ ಮಾಡಿ" ಅನ್ನುವ ಮೆಸೇಜು 2022ರಲ್ಲಿ ದೇಶದ ತುಂಬಾ ಓಡಾಡಿತು. ಆಮೇಲೆ ಟ್ರಾಫಿಕ್ ದಂಡದ ನೋಟಿಸು ಅಂತ ವಾಟ್ಸಾಪಿನಲ್ಲಿ ಎಪಿಕೆ ಫೈಲು ಬರತೊಡಗಿತು. ಹೆಸ್ಕಾಂ ಬಿಲ್ ಕಟ್ಟುವ ಜಾಗ ಯಾವುದು, ದಂಡ ನೋಡುವ ಪರಿವಾಹನ್ ತಾಣ ಯಾವುದು ಅಂತ ಡೈರಿಯಲ್ಲಿ ಬರೆದಿಟ್ಟವರು ಇಂಥ ಮೆಸೇಜಿಗೆ ಹೆದರುವುದಿಲ್ಲ. ಬಂದ ಲಿಂಕು ಬಿಟ್ಟು ತಮ್ಮ ದಾರಿಯಲ್ಲೇ ಹೋಗಿ ನೋಡುತ್ತಾರೆ. ಬಾಕಿ ಇದ್ದರೆ ಅಲ್ಲಿ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ.

ಇಷ್ಟೆಲ್ಲ ಆಗಿಯೂ ರೊಕ್ಕ ಹೋಯಿತು ಅನ್ನಿ. ಆಗ ಮಾಡಬೇಕಾದ ಮೊದಲ ಕೆಲಸ 1930ಕ್ಕೆ ಫೋನ್. ಯಾರಿಗೂ ಹೇಳಲು ನಾಚಿಕೆ ಅಂತ ಎರಡು ದಿನ ಸುಮ್ಮನಿದ್ದರೆ ಹಣ ನಾಲ್ಕೈದು ಖಾತೆ ದಾಟಿ ಹೋಗಿರುತ್ತದೆ. ಬೇಗ ಹೇಳಿದಷ್ಟೂ ನಡುವೆ ಎಲ್ಲಾದರೂ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮನೆಯ ಹಿರಿಯರಿಗೆ ನಾವು ಹೇಳಬೇಕಾದದ್ದು "ನಿಮಗ ತಿಳಿಯಂಗಿಲ್ಲ, ಮೊಬೈಲ್ ಮುಟ್ಟಬ್ಯಾಡ್ರಿ" ಅಂತಲ್ಲ. "ಏನರೆ ಆದ್ರ ಮೊದಲ ನಮಗ ಹೇಳ್ರಿ, ನಾವು ಬೈಯೂದಿಲ್ಲ" ಅಂತ.

ಕೊಳ್ಳುವ ಮೊದಲು, ಕೊಂಡ ಮೇಲೆ

ಶಾಪಿಂಗ್ ಅಂದಕೂಡಲೇ ಎಲ್ಲರೂ ಹೇಳುವುದು ಎಲ್ಲಿ ಕಡಿಮೆ ದರ, ಎಲ್ಲಿ ಕೂಪನ್ ಅಂತ. ಅದನ್ನು ಹೇಳುವುದಕ್ಕೆ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ಕೊಳ್ಳುವ ವಸ್ತು ಅಸಲಿಯೋ ನಕಲಿಯೋ ಅಂತ ಪುಕ್ಕಟೆ ನೋಡುವ ದಾರಿಗಳು. ಆನ್‌ಲೈನಿಗೆ ಮಾತ್ರ ಅಲ್ಲ, ದುರ್ಗದ ಬೈಲಿನಲ್ಲಿ ಕೊಂಡರೂ, ಧಾರವಾಡದ ಸುಭಾಸ ರಸ್ತೆಯಲ್ಲಿ ಕೊಂಡರೂ ಇವು ನಡೆಯುತ್ತವೆ.

ಬಂಗಾರದಿಂದ ಶುರು ಮಾಡೋಣ. 2023ರ ಏಪ್ರಿಲ್ 1ರಿಂದ ಹೊಸ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರಬೇಕು. ಭಾರತೀಯ ಮಾನಕ ಬ್ಯೂರೋದ "ಬಿಐಎಸ್ ಕೇರ್" ಅನ್ನುವ ಉಚಿತ ಆಪಿನಲ್ಲಿ ಆ ಆರನ್ನು ಹಾಕಿದರೆ ಅದು ಯಾವ ಬಗೆಯ ಒಡವೆ, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆ ಆಯಿತು ಅನ್ನುವುದು ಬರುತ್ತದೆ. ಕೈಯಲ್ಲಿರುವುದು ಬಳೆ, ಆಪಿನಲ್ಲಿ ಬಂದದ್ದು ಉಂಗುರ ಅಂದರೆ ಅಂಗಡಿಯಲ್ಲೇ ಕೇಳಿ. ಮದುವೆ ಸೀಸನ್ನಿನಲ್ಲಿ ಲಕ್ಷಗಟ್ಟಲೆ ಎಣಿಸುವ ಮೊದಲು ಅರ್ಧ ನಿಮಿಷದ ಕೆಲಸ. ಕುಕ್ಕರು, ಹೆಲ್ಮೆಟ್ಟು, ನೀರು ಕಾಯಿಸುವ ರಾಡಿನ ಮೇಲಿನ ಐಎಸ್‌ಐ ಗುರುತಿನ ಲೈಸೆನ್ಸ್ ಸಂಖ್ಯೆಯನ್ನೂ ಇದೇ ಆಪಿನಲ್ಲಿ ನೋಡಬಹುದು.

ತಿನ್ನುವ ಪದಾರ್ಥಕ್ಕೆ ಬಂದರೆ, ನಮ್ಮ ಧಾರವಾಡ ಪೇಡಾ, ಬ್ಯಾಡಗಿ ಮೆಣಸಿನಕಾಯಿ ಎರಡಕ್ಕೂ ಜಿಐ ಮಾನ್ಯತೆ ಇದೆ. (ನವಲಗುಂದದ ಜಮಖಾನೆ, ಇಳಕಲ್ ಸೀರೆಗೂ ಇದೆ, ಅವು ತಿನ್ನುವುದಕ್ಕಲ್ಲ :-)) ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ಆನ್‌ಲೈನಿನಲ್ಲಿ "ಧಾರವಾಡ ಪೇಡಾ" ಅಂತ ತರಿಸುತ್ತಾರೆ. ಡಬ್ಬಿಯ ಮೇಲೆ ಹೆಸರು ಹಾಕುವುದು ಸುಲಭ. ಡಬ್ಬಿ ತಿರುಗಿಸಿ ನೋಡಿ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಪ್ರಾಧಿಕಾರದ ಫಾಸ್ಕಾಸ್ ತಾಣದಲ್ಲಿ ಹಾಕಿದರೆ ಅದು ಯಾರದು, ಯಾವ ಊರಿನದು ಅಂತ ತಿಳಿಯುತ್ತದೆ. ರುಚಿ ಹೇಗಿದೆ ಅಂತ ಯಾವ ತಾಣವೂ ಹೇಳುವುದಿಲ್ಲ, ಅದಕ್ಕೆ ಲೈನ್ ಬಜಾರಿನಲ್ಲಿ ಸರದಿ ನಿಲ್ಲಲೇಬೇಕು.

ಹಳೇ ಮೊಬೈಲ್ ಕೊಳ್ಳುವವರಿಗೆ ಇದು. ಫೋನಿನಲ್ಲಿ ನಕ್ಷತ್ರ, ಹ್ಯಾಷ್, 06, ಹ್ಯಾಷ್ ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ. ಕೆವೈಎಂ ಅನ್ನುವ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಆ ಸಂಖ್ಯೆ ಬರೆದು 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಕಳುವಾಗಿ ಬ್ಲಾಕ್ ಆದ ಫೋನೋ, ಒಂದೇ ನಂಬರಿನ ನಕಲಿಯೋ ಆಗಿದ್ದರೆ ಅಲ್ಲಿ ತಿಳಿಯುತ್ತದೆ. ದೂರಸಂಪರ್ಕ ಇಲಾಖೆ 2023ರಲ್ಲಿ ತಂದ ಸಂಚಾರ್ ಸಾಥಿ ತಾಣದಲ್ಲಿ ಇದರ ಜತೆಗೆ ಇನ್ನೆರಡು ಕೆಲಸ ಆಗುತ್ತವೆ: ಕಳೆದ ಫೋನನ್ನು ಬ್ಲಾಕ್ ಮಾಡಿಸುವುದು, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡುವುದು. ಎರಡನೆಯದನ್ನು ಇವತ್ತೇ ನೋಡಿ.

ಕೊಂಡ ಮೇಲೆ ಜಗಳ ಬಂದರೆ? ಇಲ್ಲಿ ನಮ್ಮವರು ಸೋಲುವುದು ಕಾನೂನು ಇಲ್ಲದೆ ಅಲ್ಲ, "ಆ ಕಂಪನಿ ಬೆಂಗಳೂರಾಗ ಅದ, ನಾವ್ ಎಲ್ಲಿ ಅಡ್ಡಾಡೂದು" ಅಂತ. 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಶಾಪಿಂಗ್ ತಾಣ ತನ್ನ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರವನ್ನು ತಾಣದಲ್ಲೇ ಹಾಕಬೇಕು. ದೂರು ಮುಟ್ಟಿತು ಅಂತ 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಕಸ್ಟಮರ್ ಕೇರ್ ಅಂತ ಗೂಗಲ್‌ನಲ್ಲಿ ಹುಡುಕುವ ಬದಲು ನೀವು ಕೊಂಡ ಅದೇ ತಾಣದ, ಅದೇ ಆಪಿನ ಕೊನೆಯಲ್ಲಿ ಈ ಅಧಿಕಾರಿಯನ್ನು ನೋಡಿ. ಅವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಅದೂ ಆಗದಿದ್ದರೆ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ಇರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ನಮಗೆ ಧಾರವಾಡ ಜಿಲ್ಲಾ ಆಯೋಗ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. 2025ರ ಜನವರಿ 1ರಿಂದ ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ದಾಖಲಿಸಬಹುದು. ಕಂಪನಿ ಎಲ್ಲಿದ್ದರೂ ಉತ್ತರ ಕೊಡಬೇಕಾದದ್ದು ಇಲ್ಲಿಗೇ. ಚಿಗರಿ ಬಸ್ಸಿನ ಟಿಕೆಟಿನಷ್ಟು ಖರ್ಚೂ ಇಲ್ಲದೆ ಸಿಗುವ ಈ ಹಕ್ಕು ಆ 50 ತಾಣಗಳ ಪಟ್ಟಿಯಲ್ಲಿ ನನಗೆ ಒಮ್ಮೆಯೂ ಕಂಡಿಲ್ಲ.

ಕನ್ನಡದಲ್ಲಿ ಮಾಡಿದರೆ ಆಗುತ್ತದೆ

"ಮಂದಿಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಅಂಗಡಿಗೆ ಹೋಗುತ್ತಾರೆ" ಅಂತ ನೀವು ಹೇಳಬಹುದು. ಅರ್ಧ ನಿಜ. ಎಷ್ಟೋ ತಾಣಗಳಲ್ಲಿ "ಕನ್ನಡ" ಅನ್ನುವ ಗುಂಡಿ ಒತ್ತಿದರೆ ಮೇಲಿನ ಹೆಸರು ಮಾತ್ರ ಕನ್ನಡವಾಗುತ್ತದೆ, ಕೆಳಗೆ ಅರ್ಜಿ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಇನ್ನು ಕೆಲವದರ ಅನುವಾದ ಹೇಗಿರುತ್ತದೆಂದರೆ, ಅದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಮತ್ತೆ ಇಂಗ್ಲಿಷಿಗೆ ಹೋಗಬೇಕು.

ಆದರೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆ ಇದೆಯಲ್ಲ, ಭೂಮಿ. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿತು. ಅದಕ್ಕೂ ಮೊದಲು ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರ ಹಿಂದೆ ತಿರುಗಬೇಕಿತ್ತು, ಕೈ ಬೆಚ್ಚಗೆ ಮಾಡಬೇಕಿತ್ತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅದು ಸಿಗತೊಡಗಿತು, ಕನ್ನಡದಲ್ಲೇ. ಈಗ ಕುಂದಗೋಳದ ರೈತರೊಬ್ಬರು ತಮ್ಮ ಪಹಣಿಯಲ್ಲಿ ಏನಿದೆ ಅಂತ ಮನೆಯಲ್ಲೇ ಪುಕ್ಕಟೆ ನೋಡಬಹುದು. ಸಹಿ ಇರುವ ಪ್ರತಿ ಬೇಕಾದಾಗ ಮಾತ್ರ ಶುಲ್ಕ. ದಿಶಾಂಕ್ ಆಪ್ ಹಾಕಿಕೊಂಡು ಹೊಲದಲ್ಲಿ ನಿಂತರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕೃಷಿ ಮಾರಾಟ ವಾಹಿನಿ ತಾಣದಲ್ಲಿ ಆಯಾ ಎಪಿಎಂಸಿಯ ದರ ಬರುತ್ತದೆ. ಉಳ್ಳಾಗಡ್ಡಿ, ಹೆಸರು, ಒಣಮೆಣಸಿನಕಾಯಿ ಅಮರಗೋಳಕ್ಕೆ ಹೇರಿಕೊಂಡು ಹೋಗುವ ಮೊದಲು ನೋಡಿಕೊಳ್ಳಬಹುದು. ಸೈಟು ಕೊಳ್ಳುವವರು ಕಾವೇರಿ ತಾಣದಲ್ಲಿ ಆ ಜಾಗದ ಸರ್ಕಾರಿ ಮಾರ್ಗಸೂಚಿ ದರ ನೋಡಬಹುದು, ಏಜೆಂಟರ ಬಾಯಿಮಾತು ನಂಬಬೇಕಿಲ್ಲ.

ಪಹಣಿ ಓದುವುದಕ್ಕೆ ಯಾವ ರೈತನೂ ಕಂಪ್ಯೂಟರ್ ಕ್ಲಾಸಿಗೆ ಹೋಗಲಿಲ್ಲ. ಅವನಿಗೆ ಗೊತ್ತಿರುವ ಮಾತಿನಲ್ಲಿ, ಅವನಿಗೆ ಗೊತ್ತಿರುವ ಕಾಗದದ ಆಕಾರದಲ್ಲೇ ಅದು ಬಂತು. ಅದಕ್ಕೇ ಗೆದ್ದಿತು ಅಂತ ನನ್ನ ಅನಿಸಿಕೆ.

ಅಂಗಡಿಯವನ ಪರವಾಗಿ ಎರಡು ಮಾತು

ಇಷ್ಟು ಓದಿ ಯಾರೂ ಸೈಬರ್ ಸೆಂಟರಿನ ಹುಡುಗನ ಮೇಲೆ ಸಿಟ್ಟಾಗಬೇಡಿ. ಅವನು ಬಾಡಿಗೆ ಕಟ್ಟಬೇಕು, ಪ್ರಿಂಟರಿಗೆ ಮಸಿ ತುಂಬಬೇಕು. ಸರ್ವರ್ ಡೌನ್ ಅಂತ ಮಧ್ಯಾಹ್ನ ಪೂರ್ತಿ ಕೂತು, ಬೇರೆಯವರ ಅರ್ಜಿ ತುಂಬುವವನಿಗೆ ಐವತ್ತು ರೂಪಾಯಿ ಕೊಡುವುದು ದೊಡ್ಡದಲ್ಲ. ಕಣ್ಣು ಮಂಜಾದವರಿಗೆ, ಓದು ಬಾರದವರಿಗೆ ಅವನೇ ಸರ್ಕಾರ. ಊರಲ್ಲಿ ಕರ್ನಾಟಕ ಒನ್ ಇದೆ, ಹಳ್ಳಿಗಳಲ್ಲಿ ಗ್ರಾಮ ಒನ್ ಇದೆ, ಅಲ್ಲಿ ದರ ಗೊತ್ತುಪಡಿಸಿರುತ್ತದೆ, ರಸೀದಿ ಕೊಡುತ್ತಾರೆ.

ನನ್ನ ತಕರಾರು ಒಂದೇ. ಇದು ಸೇವೆಗೆ ಕೊಡುವ ಕೂಲಿಯೋ ಸರ್ಕಾರದ ಶುಲ್ಕವೋ ಅನ್ನುವುದು ಕೊಡುವವನಿಗೆ ಗೊತ್ತಿರಬೇಕು. 2023ರಲ್ಲಿ ಗೃಹಜ್ಯೋತಿ ಅರ್ಜಿ ಶುರುವಾದಾಗ ಸೇವಾ ಸಿಂಧು ತಾಣದಲ್ಲಿ ಯಾರು ಬೇಕಾದರೂ ತಾವೇ ತುಂಬಬಹುದಿತ್ತು. ಹಾಗಿದ್ದೂ ನಮ್ಮ ಓಣಿಯ ಮಾಮಿಯೊಬ್ಬರು ಒಂದು ಅಂಗಡಿಯಲ್ಲಿ ನೂರು ರೂಪಾಯಿ ಕೊಟ್ಟು ಬಂದು, "ಗೌರ್ಮೆಂಟಿನವರು ಪುಕ್ಕಟೆ ಅಂತಾರ, ನೂರು ರೂಪಾಯಿ ತಗೋತಾರ" ಅಂತ ಸರ್ಕಾರವನ್ನು ಬೈದರು. ಅವರ ಅರ್ಜಿಯ ಜತೆ ಅವರ ಮೊಬೈಲಿಗೆ ಬಂದ ಓಟಿಪಿಯನ್ನೂ ಹೇಳಿ ಬಂದಿದ್ದರು, ಆಧಾರ್ ಫೋಟೋ ಆ ಕಂಪ್ಯೂಟರಿನಲ್ಲೇ ಉಳಿದಿತ್ತು. ಹೋಗುವುದಾದರೆ ಹೋಗಿ. ಆದರೆ ಓಟಿಪಿಯನ್ನು ಬಾಯಲ್ಲಿ ಹೇಳದೆ ನೀವೇ ಒತ್ತಿ, ಕೆಲಸ ಮುಗಿದ ಮೇಲೆ ಫೈಲು ಅಳಿಸಿ ಅಂತ ನಿಂತು ಹೇಳಿ, ರಸೀದಿ ತಗೊಂಡೇ ಬನ್ನಿ.

ಡೈರಿಯಲ್ಲಿ ಏನೇನು

ನಮ್ಮ ಮನೆಯ ಡೈರಿಯಲ್ಲಿ ಒಂದು ಪುಟ ಹೀಗಿದೆ. ಬೇಕಾದರೆ ಹಾಗೇ ಬರೆದುಕೊಳ್ಳಿ:

1. ಕರೆಂಟು: ಹೆಸ್ಕಾಂ ತಾಣದ ವಿಳಾಸ, ಮನೆಯ ಖಾತೆ ಸಂಖ್ಯೆ, 1912.
2. ಮನೆಯ ಕರ: ಪಾಲಿಕೆಯ ತಾಣ, ಆಸ್ತಿ ಸಂಖ್ಯೆ, "ಏಪ್ರಿಲ್" ಅಂತ ಕೆಂಪು ಶಾಯಿಯಲ್ಲಿ.
3. ರೈಲು: ಐಆರ್‌ಸಿಟಿಸಿ ವಿಳಾಸ, ವಿಚಾರಣೆಗೆ 139.
4. ಬಸ್ಸು: ಸಾರಿಗೆ ಸಂಸ್ಥೆಯ ಬುಕಿಂಗ್ ತಾಣ.
5. ದಾಖಲೆ: ಆಧಾರ್, ಡಿಜಿಲಾಕರ್, ಪಾಸ್‌ಪೋರ್ಟ್, ಪರಿವಾಹನ್, ಸೇವಾ ಸಿಂಧು.
6. ಹೊಲ, ಮನೆ: ಭೂಮಿ, ಕಾವೇರಿ.
7. ಬ್ಯಾಂಕು: ಪಾಸ್‌ಬುಕ್ಕಿನ ಹಿಂದೆ ಅಚ್ಚಾದ ನಂಬರ್ ಮಾತ್ರ. ಬೇರೆಲ್ಲಿಂದಲೂ ಅಲ್ಲ.
8. ಗ್ರಾಹಕ ದೂರು: 1915.
9. ರೊಕ್ಕ ಹೋದರೆ: 1930. ಇದು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ.
10. ಈ ಪುಟ ಬರೆದ ತಾರೀಖು.

ಪಿನ್, ಪಾಸ್‌ವರ್ಡ್ ಇದರಲ್ಲಿ ಬರೆಯಬಾರದು ಅಂತ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ. ಆದರೂ ಹೇಳಿದ್ದೇನೆ.

ಹತ್ತನೆಯದು ಯಾಕೆ ಅಂದರೆ, ಉಚಿತ ತಾಣಗಳು ಶಾಶ್ವತ ಅಲ್ಲ. ನಮ್ಮ ಬ್ಲಾಗಿನ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾ? ಜಿಯೋಸಿಟೀಸ್ 2009ರಲ್ಲಿ ಹೋಯಿತು. ನಾವೆಲ್ಲ ಒಬ್ಬರನ್ನೊಬ್ಬರು ಓದುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಮುಚ್ಚಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ. ಎಷ್ಟು ಕನ್ನಡದ ಹರಟೆ ಅದರ ಜತೆ ಹೋಯಿತೋ ಲೆಕ್ಕ ಇಟ್ಟವರಿಲ್ಲ. ಸರ್ಕಾರಿ ತಾಣಗಳೂ ವಿಳಾಸ ಬದಲಿಸುತ್ತವೆ. ಅದಕ್ಕೇ ವರ್ಷಕ್ಕೊಮ್ಮೆ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಈ ಪುಟವನ್ನೂ ನೋಡಿ. ಕಟ್ಟಿದ ರಸೀದಿಯ ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ, "ತಾಣದಲ್ಲೇ ಇರ್ತದ ಬಿಡು" ಅನ್ನಬೇಡಿ.

ಇನ್ನು ನಮ್ಮ ಪಾಲಿನ ಕೆಲಸ. ಕರೆಂಟ್ ಬಿಲ್ ಕಟ್ಟುವುದು ಹೇಗೆ ಅಂತ ಯಾರಾದರೂ ಕನ್ನಡದಲ್ಲೇ ಹುಡುಕಿದರೆ ಅವರಿಗೆ ಸಿಗಬೇಕಾದದ್ದು ವಂಚಕನ ನಂಬರಲ್ಲ, ನಮ್ಮ ಬರಹ. ಹುಡುಕಬೇಡಿ ಅಂತ ನಾನು ಎಷ್ಟು ಹೇಳಿದರೂ ಮಂದಿ ಹುಡುಕುತ್ತಾರೆ, ನನಗೂ ಗೊತ್ತು. ಮಳೆಯ ಮೇಲೆ, ಅಮ್ಮನ ಕೈರುಚಿಯ ಮೇಲೆ, ಮೊದಲ ಪ್ರೇಮದ ಮೇಲೆ ನಾವು ಸಾವಿರ ಪುಟ ಬರೆದಿದ್ದೇವೆ. ಬರೆಯಬೇಕು, ಬೇಡ ಅನ್ನುವುದಿಲ್ಲ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದರು. ಅದು "ಅಲರ್" ಅನ್ನುವ ಹೆಸರಿನಲ್ಲಿ 2019ರಿಂದ ಎಲ್ಲರಿಗೂ ಉಚಿತ, ಮುಕ್ತ. ಅವರು ಅಷ್ಟು ಕೊಟ್ಟರೆ ನಾವು ಒಂದೊಂದು ಪುಟ ಕೊಡಲಾರೆವಾ?

ನಿಮ್ಮೂರಿನ ಯಾವುದಾದರೂ ಒಂದೇ ಒಂದು ಕೆಲಸ ತಗೊಳ್ಳಿ. ನೀರಿನ ಬಿಲ್ಲೋ, ಜನನ ಪ್ರಮಾಣಪತ್ರವೋ, ಪಿಂಚಣಿಯವರ ಜೀವನ ಪ್ರಮಾಣಪತ್ರವೋ. ನೀವೇ ಒಮ್ಮೆ ಮಾಡಿ ನೋಡಿ, ನಿಮ್ಮ ಅವ್ವನಿಗೆ ಹೇಳುವ ಹಾಗೆ ಬರೆಯಿರಿ. ಎಲ್ಲಿ ಒತ್ತಬೇಕು, ಎಷ್ಟು ಶುಲ್ಕ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಬರೆದ ತಾರೀಖು ಯಾವುದು. ಅಷ್ಟು ಸಾಕು. ನಾನು ಪಾಲಿಕೆಯ ಕರ ಕಟ್ಟುವುದನ್ನು ಹಿಡಿದುಕೊಂಡಿದ್ದೇನೆ, ಮುಂದಿನ ಬರಹ ಅದೇ.

ನೀವು ಯಾವುದನ್ನು ತಗೋತೀರಿ? ಕೆಳಗೆ ಬರೆದು ಹೋಗಿ, ಇಬ್ಬರು ಒಂದನ್ನೇ ಹಿಡಿಯುವುದು ಬೇಡ :-)